ನಿಂತಲ್ಲಿಂದ ಮುಂದಕ್ಕೆ

ನಮ್ಮ ಮನೆಯಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಗಿದ್ದರೆ ಈಗ ಯಾರೂ ಗಾಬರಿಯಾಗುವುದಿಲ್ಲ. ಮೊದಲು ಆಗುತ್ತಿದ್ದರು. ಗಜೇಂದ್ರಗಡದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ನಮ್ಮ ಯಜಮಾನರು ಒಮ್ಮೆ ಊಟಕ್ಕೆ ಬಂದವರು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆಸಾಲಿನ ಹಾಗೆ ಮೇಲಕ್ಕೆ ಹರಿಯುವುದನ್ನು ಕಂಡು, ಕೈ ತೊಳೆಯುವುದನ್ನೂ ಬಿಟ್ಟು ಹೋಗಿ ಮೇನ್ ಸ್ವಿಚ್ ತೆಗೆದುಬಿಟ್ಟರು. ವೈರಸ್ಸು ಫ್ರಿಜ್ಜಿಗೂ ಹತ್ತೀತು ಎಂಬುದು ಅವರ ಭಯ. ನಾನು ಇಳಿಸಿಕೊಳ್ಳುತ್ತಿದ್ದದ್ದು ಕರೆಂಟಿನ ಬಿಲ್ಲು.

ಇದು ನನಗೆ ಈಗ ಚಟವೇ ಆಗಿಹೋಗಿದೆ. ಜಾಲತಾಣದಲ್ಲಿ ಯಾವ ಕಡತ ಕಂಡರೂ ಎಲ್ಲರ ಹಾಗೆ ಅದರ ಮೇಲೆ ಒತ್ತಿ ಸುಮ್ಮನೆ ಕೂರಲು ಆಗುವುದಿಲ್ಲ. ಕಪ್ಪು ಕಿಟಕಿ ತೆರೆದು, ಕಡತದ ವಿಳಾಸ ಬರೆದು, ತೆಗೆದುಕೊಂಡು ಬಾ ಎಂದು ಆಜ್ಞೆ ಕೊಟ್ಟೇ ತರಿಸಬೇಕು. ನಾನು ನರಗುಂದದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅಷ್ಟು ವರ್ಷ ತರಗತಿಯಲ್ಲಿ ಆಜ್ಞೆ ಕೊಟ್ಟರೂ ಯಾರೂ ಕೇಳಿದ ನೆನಪಿಲ್ಲ. ಇದು ಕೇಳುತ್ತದೆ. ಕೇಳದಿದ್ದರೆ ಏಕೆ ಕೇಳಲಿಲ್ಲ ಎಂದು ಬರೆದಾದರೂ ತಿಳಿಸುತ್ತದೆ. ಮನುಷ್ಯರಲ್ಲಿ ಈ ಗುಣ ನಾನು ಕಂಡದ್ದು ಕಡಿಮೆ.

ಚಟ ಹತ್ತಿಸಿದವಳು ನಮ್ಮ ಅಕ್ಕ. ಅಕ್ಕ ಕಂಪ್ಯೂಟರನ್ನು ಮುಟ್ಟಿದವಳಲ್ಲ, ಹಾಗಾಗಿ ಸ್ವಲ್ಪ ವಿವರಿಸಬೇಕು.

ಅಕ್ಕನ ಹೆಸರು ಗಂಗಮ್ಮ. ಕೊಟ್ಟ ಊರು ಜಕ್ಕಲಿ. ಜಕ್ಕಲಿ, ನರೇಗಲ್, ರಾಜೂರ, ಈ ಸುತ್ತಿನಲ್ಲಿ ಮದುವೆ ಗೊತ್ತಾದರೆ ಮುಹೂರ್ತ ಕೇಳುವುದಕ್ಕಿಂತ ಮೊದಲು ಗಂಗಕ್ಕನಿಗೆ ಪುರುಸೊತ್ತಿದೆಯೋ ಎಂದು ಕೇಳುತ್ತಿದ್ದರು. ಮದುವೆಮನೆಯಲ್ಲಿ ಹೆಂಗಸರು ಹೇಳುವ ಸೋಬಾನ ಪದಗಳಲ್ಲಿ ಮುಂದಿನ ದನಿ ಅವಳದು. ಮುಂದಿನ ದನಿ ಒಂದು ನುಡಿ ಹೇಳಿ ನಿಲ್ಲುತ್ತದೆ. ಹಿಂದೆ ಕೂತವರು ‘ಸೋ’ ಎಂದು ಎತ್ತಿಕೊಳ್ಳುತ್ತಾರೆ. ಅದಾದ ಮೇಲೆ ಮುಂದಿನ ನುಡಿ. ನಾನೂ ಸಣ್ಣವಳಿದ್ದಾಗ ಹಿಂದೆ ಕೂತವರಲ್ಲಿ ಒಬ್ಬಳಾಗಿದ್ದೆ, ಬಹಳ ದಿನವಲ್ಲ. ನನ್ನ ‘ಸೋ’ ಯಾವ ಕಡೆ ಹೋಗುತ್ತದೆಂದು ನನಗೂ ಗೊತ್ತಾಗುತ್ತಿರಲಿಲ್ಲ. ಅಕ್ಕ ನನ್ನನ್ನು ಹೊರಗೆ ಹಾಕಲಿಲ್ಲ. ಬಾಯಿ ತೆಗಿ, ದನಿ ತೆಗೆಯಬೇಡ ಎಂದು ಹೇಳಿ, ಮದುಮಕ್ಕಳಿಗೆ ಹಿಡಿಯುವ ದೀಪಕ್ಕೆ ಎಣ್ಣೆ ಹಾಕುವ ಕೆಲಸ ಕೊಟ್ಟಳು. ನಾನು ಮುಂದೆ ರಸಾಯನಶಾಸ್ತ್ರ ಓದಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಅವಳ ಹಾಡು ಮದುವೆಗೆ ಮಾತ್ರ ಮೀಸಲಾಗಿರಲಿಲ್ಲ. ಜೋಳ ಹಸನು ಮಾಡುವಾಗ, ನನ್ನ ತಲೆಗೆ ಕುಸುಬೆ ಎಣ್ಣೆ ಹಚ್ಚಿ ಜಡೆ ಎಳೆಯುವಾಗ, ಯಾವಾಗಲೂ ಗುನುಗು ಇದ್ದೇ ಇರುತ್ತಿತ್ತು. ಹಾಡು ಜೋರಾದರೆ ಜಡೆಯೂ ಬಿಗಿಯಾಗುತ್ತಿತ್ತು. ದೊಡ್ಡ ಹಾಡು ಹೇಳಿದ ದಿನ ಸಾಲಿಯಲ್ಲಿ ನನ್ನ ಹುಬ್ಬುಗಳು ಮೇಲಕ್ಕೇ ನಿಂತಿರುತ್ತಿದ್ದವು. ಮಾಸ್ತರರು, ಇದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ ಎಂದು ಕೇಳುತ್ತಿದ್ದರು.

ಅಂಥ ಅಕ್ಕನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳು ಕುತ್ತಿಗೆಗೆ ಸೆರಗು ಸುತ್ತಿಕೊಂಡಿರುತ್ತಾಳೆ. ಬರೆದು ತೋರಿಸಲು ಪಾಟಿ ಕೊಟ್ಟರೆ ಅದನ್ನು ರೊಟ್ಟಿಬುಟ್ಟಿಗೆ ಮುಚ್ಚಳ ಮಾಡಿದಳು. ಅವಳ ಮಾತೆಲ್ಲ ಕೈಯಲ್ಲಿ: ಹೌದು ಎನ್ನಲು ಒಂದು ಚಪ್ಪಾಳೆ, ಇಲ್ಲ ಎನ್ನಲು ಎರಡು. ಫೋನೂ ಮಾಡುತ್ತಾಳೆ. ನಾನು ಅರಾಮಿದ್ದೀಯಾ, ಉಂಡೆಯಾ ಎಂದು ಕೇಳಬೇಕು, ಆ ಕಡೆಯಿಂದ ಚಪ್ಪಾಳೆ ಬರುತ್ತದೆ. ಬಸ್ಸಿನಲ್ಲಿ ಕೂತು ಮಾತಾಡಿದರೆ ಪಕ್ಕದವರು ಯಾವುದೋ ಸಮಾರಂಭ ನಡೆದಿದೆ ಎಂದುಕೊಳ್ಳುತ್ತಾರೆ.

ಅವಳ ಮೊಮ್ಮಗಳ ಮದುವೆ ರಾಜೂರಿನ ಮನೆತನದೊಂದಿಗೆ ಗೊತ್ತಾಯಿತು. ಅವತ್ತು ಅಕ್ಕನ ಸೊಸೆ ಲಲಿತಾ ಫೋನು ಮಾಡಿ ಒಂದು ವಿಷಯ ನೆನಪಿಸಿದಳು. ಕಾಯಿಲೆಗೆ ಮೊದಲು ದೂರದ ಯಾವುದೋ ವಿದ್ಯಾಪೀಠದಿಂದ ಸಂಶೋಧಕರೊಬ್ಬರು ಬಂದು ಅತ್ತೆಯ ಹಾಡು ಮುದ್ರಿಸಿಕೊಂಡು ಹೋಗಿದ್ದರು. ಅದು ಜಾಲತಾಣದಲ್ಲಿದೆ ಎಂದು ವಿಳಾಸದ ಚೀಟಿಯನ್ನೂ ಕೊಟ್ಟಿದ್ದರು. ಅದನ್ನು ಮದುವೆಯಲ್ಲಿ ಕೇಳಿಸಲು ಬಂದೀತೇ ಎಂಬುದು ಅವಳ ಪ್ರಶ್ನೆ.

ಚೀಟಿ ಅಕ್ಕನ ದೇವರ ಮಾಡದಲ್ಲಿತ್ತು, ಲಲಿತಾ ಅದರ ಫೋಟೋ ತೆಗೆದು ಕಳಿಸಿದಳು. ಅಕ್ಕ ಅದಕ್ಕೂ ದಿನಾ ಕುಂಕುಮ ಹಚ್ಚುತ್ತಿದ್ದಳು. ಜಾಲತಾಣದ ವಿಳಾಸದ ನಡುವಿನ ಒಂದು ಅಕ್ಷರ ಪೂರ್ತಿ ಕುಂಕುಮದ ಅಡಿಯಲ್ಲಿ ಹೋಗಿತ್ತು. ಒಂದೊಂದೇ ಅಕ್ಷರ ಹಾಕಿ ನೋಡುತ್ತ ಹೋದೆ. ಒಂದು ಅಕ್ಷರಕ್ಕೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಸಿಕ್ಕಿತು, ಇನ್ನೊಂದಕ್ಕೆ ಯಾವುದೋ ದೇಶದ ಚರ್ಚು. ಕಡೆಗೆ ನಮ್ಮದು ತೆರೆಯಿತು. ಎಲ್ಲಕ್ಕಿಂತ ಮೇಲೆ ಕೆಂಪು ಅಕ್ಷರದಲ್ಲಿ, ಈ ಜಾಲತಾಣವನ್ನು ಮುಂದಿನ ತಿಂಗಳಿಂದ ಮುಚ್ಚಲಾಗುವುದು ಎಂದು ಬರೆದಿತ್ತು. ಮದುವೆ ಇದ್ದದ್ದು ಮುಂದಿನ ತಿಂಗಳ ಕೊನೆಗೆ. ಹಾಡಿದವರ ಹೆಸರುಗಳ ಪುಟ ತೆರೆಯಲಿಲ್ಲ. ರೋಣ ತಾಲೂಕು ಎಂಬ ವಿಭಾಗದಲ್ಲಿ ಬರೀ ಅಂಕಿ ಹಾಕಿದ ಕಡತಗಳು ಉದ್ದಕ್ಕೆ ನಿಂತಿದ್ದವು. ಅಕ್ಕ ಯಾವ ಅಂಕಿ ಎಂಬುದು ದೇವರಿಗೇ ಗೊತ್ತು. ಸಂಶೋಧಕರಿಗೆ ಇಮೇಲ್ ಕಳಿಸಿದೆ. ಅವರ ಪೆಟ್ಟಿಗೆ ತುಂಬಿದೆ ಎಂದು ಅವರ ಪೆಟ್ಟಿಗೆಯೇ ಉತ್ತರ ಬರೆಯಿತು.

ಹಾಗಾದರೆ ಎಲ್ಲವನ್ನೂ ಇಳಿಸಿಕೊಳ್ಳುವುದು ಎಂದು ಕೂತೆ. ನಮ್ಮ ಊರಿನ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ, ನೀವು ನೋಡಿರುತ್ತೀರಿ. ಅವು ಹಗಲಿಡೀ ತಿರುಗುತ್ತವೆ. ಅವು ತಿರುಗುವುದನ್ನು ನೋಡುತ್ತ ನಾವು ಕರೆಂಟಿಗಾಗಿ ಕಾಯುತ್ತೇವೆ. ಕಡತಗಳೋ ಗಾತ್ರದಲ್ಲಿ ಹಬ್ಬದ ಪಾತ್ರೆಗಳಿದ್ದ ಹಾಗೆ. ಒಂದು ಕಡತ ಮುಕ್ಕಾಲು ಇಳಿಯುವಷ್ಟರಲ್ಲಿ ಕರೆಂಟು ಹೋಗುತ್ತದೆ, ಇಲ್ಲವೇ ನೆಟ್ಟು ಹೋಗುತ್ತದೆ. ತಿರುಗಿ ಬಂದಾಗ ಮತ್ತೆ ಮೊದಲಿನಿಂದ. ಎರಡು ದಿನ ಹೀಗೆ ಕೂತು, ಒಂದೇ ಹಾಡಿನ ಮೊದಲ ಮುಕ್ಕಾಲನ್ನು ಎಷ್ಟೋ ಸಲ ಇಳಿಸಿಕೊಂಡೆ.

ಮೂರನೆಯ ದಿನ ಬಸ್ಸು ಹತ್ತಿ, ರೋಣ ದಾಟಿ, ನರಗುಂದಕ್ಕೆ ಹೋದೆ. ನನ್ನ ಹಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಸುಮಂಗಲಾ ಇದ್ದಾಳೆ. ಮೊದಲು ಸಿಬ್ಬಂದಿ ಕೊಠಡಿಯಲ್ಲಿ ನಾವಿಬ್ಬರೂ ಒಂದೇ ಡಬ್ಬಿಯ ಶೇಂಗಾ ಚಟ್ನಿ ತಿಂದವರು. ನನ್ನ ಕಥೆ ಪೂರ್ತಿ ಕೇಳಿ, ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಪ್ಪು ಕಿಟಕಿ ತೆರೆದಳು.

“ಬ್ರೌಸರ್ ಬಿಡ್ರಿ ಮೇಡಮ್,” ಅಂದಳು. “ಅದಕ್ಕ ನೆನಪಿನ ಶಕ್ತಿ ಕಡಿಮಿ. ಇದಕ್ಕ ಆಜ್ಞಾ ಕೊಟ್ಟು, ಕಡೀಕ ಒಂದು ಸಣ್ಣ ಸಿ ಹಾಕ್ರಿ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದ ಹೊಂಡತೈತಿ.”

ಒಂದು ಅಡ್ಡಗೆರೆ, ಒಂದು ಸಿ. ಅಷ್ಟೇ. ನಿಂತಲ್ಲಿಂದ ಮುಂದಕ್ಕೆ ಹೋಗು ಎಂಬ ಮಾತನ್ನು ಇಷ್ಟು ಸಣ್ಣದಾಗಿ ಬರೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಅಕ್ಷರ ಹಾಕಿದರೆ ಒಂದು ಪುಟದಿಂದ ಕೊಂಡಿ ಹಿಡಿದು ಹೊರಟು, ಸಿಕ್ಕದ್ದೆಲ್ಲವನ್ನೂ ತಾನೇ ತರುತ್ತದೆ ಎಂದೂ ಹೇಳಿದಳು. ನಾನು ಬಸ್ಸಿನ ಟಿಕೆಟಿನ ಹಿಂದೆ ಬರೆದುಕೊಂಡು ಬಂದೆ. ಟಿಕೆಟು ಸಣ್ಣದು. ಬರೆಯಬೇಕಾದ್ದರಲ್ಲಿ ಒಂದು ಬಿಟ್ಟುಹೋಯಿತು.

ಮನೆಗೆ ಬಂದು ಆಜ್ಞೆ ಕೊಟ್ಟೆ. ಅಕ್ಷರಗಳು ಹರಿದವು. ನಾನು ರೊಟ್ಟಿ ಬಡಿಯಲು ಹೋದೆ. ಒಂದು ದಿನ ಬಿಟ್ಟು ನೋಡಿದರೆ ಲ್ಯಾಪ್‌ಟಾಪು ತುಂಬಿ ತುಳುಕುತ್ತಿತ್ತು. ಅಕ್ಕನ ಹಾಡಿನ ಸುದ್ದಿಯಿಲ್ಲ. ಕರಾವಳಿಯ ತುಳು ಜೋಗುಳಗಳು ಬಂದಿದ್ದವು. ಕುರ್ಚಿ ಖರೀದಿಯ ಪ್ರಕಟಣೆ ಬಂದಿತ್ತು. ಸಭೆಯೊಂದರ ಫೋಟೋಗಳು ಬಂದಿದ್ದವು. ಒಂದರಲ್ಲಿ ಒಬ್ಬರು ಇನ್ನೊಬ್ಬರಿಗೆ ಶಾಲು ಹೊದಿಸುತ್ತಿದ್ದರು, ಮುಂದಿನದರಲ್ಲಿ ಅದೇ ಶಾಲನ್ನು ಆ ಇನ್ನೊಬ್ಬರು ಮೂರನೆಯವರಿಗೆ ಹೊದಿಸುತ್ತಿದ್ದರು. ಸುಮಂಗಲಾಳಿಗೆ ಫೋನು ಮಾಡಿದೆ. ರೋಣ ತಾಲೂಕಿನ ಕಪಾಟು ಬಿಟ್ಟು ಮೇಲಿನ ಪುಟಗಳಿಗೆ ಹತ್ತಬೇಡ ಎಂದು ಹೇಳಿದ್ದಿರೇ ಎಂದು ಕೇಳಿದಳು. ಅದು ಟಿಕೆಟಿನಲ್ಲಿ ಹಿಡಿಸಿರಲಿಲ್ಲ ಅಂದೆ.

“ಹೇಳದ ಇದ್ರ ಹತ್ತೇ ಹತ್ತತೈತ್ರಿ. ಅದರದೇನು ತಪ್ಪು,” ಅಂದಳು.

ಹೇಳಿದೆ. ಈ ಸಲ ಸರಿಯಾದ ಕಪಾಟಿಗೇ ಹೋಯಿತು. ಕೆಲವು ಕಡತ ಬಂದ ಮೇಲೆ ಆ ಕಡೆಯ ಯಂತ್ರ ಇನ್ನು ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡಿತು. ಮತ್ತೆ ಫೋನು. ಉಸಿರು ಬಿಡದೆ ಕೇಳಿದರೆ ಯಾರಾದರೂ ಹಾಗೇ ಮಾಡುತ್ತಾರೆ, ಒಂದು ತೆಗೆದುಕೊಂಡ ಮೇಲೆ ಸ್ವಲ್ಪ ತಡೆದು ಇನ್ನೊಂದು ಕೇಳಲಿ ಎಂದು ಬರೆಯಿರಿ ಅಂದಳು. ಅದಕ್ಕೂ ಒಂದು ಪದವಿತ್ತು. ನನ್ನ ಆಜ್ಞೆ ಈಗ ಪರದೆಯ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು. ನಿಂತಲ್ಲಿಂದ ಮುಂದಕ್ಕೆ ಹೋಗು, ಮೇಲಕ್ಕೆ ಹತ್ತಬೇಡ, ನಡುನಡುವೆ ತಡೆದು ಕೇಳು. ಮದುವೆಯಾಗಿ ಹೊರಟಾಗ ನನಗೆ ಮನೆಯಲ್ಲಿ ಹೇಳಿ ಕಳಿಸಿದ್ದೂ ಹೆಚ್ಚುಕಡಿಮೆ ಇದನ್ನೇ.

ಮೇನ್ ಸ್ವಿಚ್ ತೆಗೆದಿದ್ದ ಯಜಮಾನರ ವಿಷಯ ಮೊದಲೇ ಹೇಳಿದೆನಲ್ಲ, ಅದು ಈ ಚಟ ಬಲಿತ ಮೇಲಿನ ಸಂಗತಿ. ಆದರೆ ಅಕ್ಕನ ಹಾಡಿನ ದಿನಗಳಲ್ಲಿ, ಆ ಕಪ್ಪು ಪರದೆಯನ್ನು ಇನ್ನೂ ಕಣ್ಣಾರೆ ಕಂಡಿರದ ಅವರು ಬೇರೆಯೇ ಮನುಷ್ಯರಾಗಿದ್ದರು. ಕಡತ ನೂರಕ್ಕೆ ಎಷ್ಟು ಇಳಿಯಿತೆಂದು ಪರದೆ ತೋರಿಸುತ್ತದೆ ಎಂಬುದು ಗೊತ್ತಾದದ್ದೇ, ಅಂಗಡಿಯಿಂದ ತಾಸಿಗೊಮ್ಮೆ ಫೋನು ಮಾಡಿ ಎಲ್ಲಿಗೆ ಬಂತು ಎಂದು ಕೇಳತೊಡಗಿದರು. ನಾನು ಅರವತ್ತಕ್ಕೆ ನಿಂತಿದೆ ಎಂದರೆ ಅವರು ಗಟ್ಟಿಯಾಗಿ, “ಅರವತ್ತಕ್ಕ ನಿಂತೈತೇನು? ಏರತೈತಿ, ತಡಿ,” ಎನ್ನುತ್ತಿದ್ದರು. ಪೇಟೆಯಲ್ಲಿ ಇದನ್ನು ಕೇಳಿದವರು ಕಡಲೆ ಧಾರಣೆಯೆಂದು ತಿಳಿದು ಮಾಲು ತಡೆಹಿಡಿದರಂತೆ. ಅವರಿಗೆ ನಿಜ ಹೇಳಲು ಯಜಮಾನರಿಗೆ ಮನಸ್ಸಾಗಲಿಲ್ಲ. ಹೆಂಡತಿಯ ಅಕ್ಕನ ಹಾಡು ಇಳಿಸುತ್ತಿದ್ದೇವೆ ಎಂದರೆ ನಂಬುವುದಿಲ್ಲ ಎಂಬುದು ಅವರ ವಾದ.

ತಿಂಗಳು ಮುಗಿಯುವ ಮೊದಲು ಕೊನೆಯ ಕಡತ ಬಂತು. ಕೆಲವು ದಿನ ಬಿಟ್ಟು, ಬಿಟ್ಟದ್ದೇನಾದರೂ ಇದೆಯೇ ಎಂದು ಮತ್ತೆ ಆಜ್ಞೆ ಕೊಟ್ಟೆ. ಅಂಥ ವಿಳಾಸ ಎಲ್ಲೂ ಇಲ್ಲ ಎಂದು ಒಂದೇ ಸಾಲು ಬಂತು. ಅಲ್ಲಿ ಅಷ್ಟೊಂದು ಹೆಂಗಸರು ಹಾಡಿಕೊಂಡಿದ್ದರು ಎಂಬ ಗುರುತೇ ಇರಲಿಲ್ಲ. ಇಳಿಸಿಕೊಂಡ ಕಡತಗಳನ್ನು ಇನ್ನೊಮ್ಮೆ ಎಣಿಸಿದೆ. ನೀರು ಕುಡಿದೆ.

ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಜಕ್ಕಲಿಗೆ ಹೋದೆ. ಪಡಸಾಲೆಯಲ್ಲಿ ಅಕ್ಕ, ಲಲಿತಾ, ನಾನು ಕೂತು ಒಂದೊಂದೇ ಕಡತ ಹಾಕಿದೆವು. ಅಕ್ಕನ ದನಿ ಅಲ್ಲ ಎಂದು ಮೊದಲ ಉಸಿರಿಗೇ ಗೊತ್ತಾಗುತ್ತಿತ್ತು. ನಾನು ಮುಂದಿನದಕ್ಕೆ ಹೋಗಲು ಕೈ ಇಟ್ಟರೆ ಅಕ್ಕ ಎರಡು ಚಪ್ಪಾಳೆ ತಟ್ಟುತ್ತಿದ್ದಳು. ಪೂರ್ತಿ ಕೇಳಬೇಕು. ಕೇಳಿ, ಕಡೆಗೆ ಮೂಗು ಮುರಿಯಬೇಕು. ನರೇಗಲ್ಲಿನ ಒಬ್ಬಾಕೆಯ ದನಿ ಬಂತು. ಅಕ್ಕ ಮತ್ತು ಆಕೆ ಒಂದು ಕಾಲಕ್ಕೆ ಒಬ್ಬರು ಹಾಡುವ ಮದುವೆಗೆ ಇನ್ನೊಬ್ಬರು ಹೋಗದಷ್ಟು ಆತ್ಮೀಯರಾಗಿದ್ದರು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಆ ಹಾಡಿಗೆ ಮೂಗು ಮುರಿಯಲಿಲ್ಲ. ಇನ್ನೊಮ್ಮೆ ಹಾಕು ಎಂದು ಬೆರಳು ತಿರುಗಿಸಿದಳು. ಅದಾದ ಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಊಟವಾದ ಮೇಲೆ ಹಾಕಿದ ಮೊದಲ ಕಡತ ಅವಳದೇ.

ನಾನು ಚಪ್ಪಾಳೆಗೆ ಕಾದು ಅವಳ ಕಡೆ ನೋಡಿದೆ. ಚಪ್ಪಾಳೆ ಬರಲಿಲ್ಲ. ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಡಬ್ಬಿಯಂಥ ಲ್ಯಾಪ್‌ಟಾಪಿನಿಂದ ಆ ದನಿ, ಬಿಸಿಲಿಗೆ ಕಾದ ತಾಮ್ರದಂಥ ದನಿ, ಒಂದು ನುಡಿ ಹೇಳಿ ನಿಂತಿತು. ನಿಂತದ್ದು ಹಾಗೇ ನಿಂತಿತ್ತು. ದೂರದಲ್ಲಿ ಒಂದು ಕೋಳಿ ಕೂಗಿತು, ಯಾರದೋ ಕುರ್ಚಿ ಕಿರ್ ಎಂದಿತು, ಆಮೇಲೆ ಎರಡನೆಯ ನುಡಿ. ಮತ್ತೆ ಅದೇ ಖಾಲಿ. ಹಾಡಿನುದ್ದಕ್ಕೂ ಹೀಗೇ. ಲಲಿತಾ ಮೆಲ್ಲಗೆ ವಿವರಿಸಿದಳು. ದನಿ ಸ್ಪಷ್ಟವಾಗಿ ಬರಲೆಂದು ಸಂಶೋಧಕರು ಉಳಿದ ಹೆಂಗಸರನ್ನೆಲ್ಲ ಓಣಿಯಾಚೆ ಕಳಿಸಿದ್ದರಂತೆ. ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಅಕ್ಕನಿಗೆ ನಿಲ್ಲದೆ ಮುಂದೆ ಹೋಗಲು ಬರಲಿಲ್ಲ.

ಹಾಡಿನ ಕೊನೆಯ ನುಡಿ ಮುಗಿದದ್ದೇ ಅಕ್ಕ ಕೈ ಚಾಚಿ, ಪಾತ್ರೆಗೆ ಮುಚ್ಚುವ ಹಾಗೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

ಮದುವೆಯಲ್ಲಿ ಹಾಕೋಣವೇ ಎಂದು ಕೇಳಿದೆ. ಎರಡು ಚಪ್ಪಾಳೆ. ಮುಚ್ಚಳದ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ.

“ಬ್ಯಾಡ ಬಿಡ್ರಿ ಸಣ್ಣತ್ತಿ,” ಅಂದಳು ಲಲಿತಾ. “ಒಬ್ಬಾಕಿನ ಹಾಡೋದು ಅವರಿಗೆ ಹಾಡು ಅನಿಸಂಗಿಲ್ಲ.”

ನನಗೆ ಸಿಟ್ಟು ಬಂತು ಎಂದರೆ ನೀವು ನಂಬಬೇಕು. ನಾನು ಅಷ್ಟು ದೂರ ಹೋಗಿ ಕಲಿತು, ಕಾದು, ಪೇಟೆಯ ಧಾರಣೆ ಏರಿಳಿಸಿ ತಂದದ್ದನ್ನು ಹೀಗೆ ಮುಚ್ಚಿಡುವುದೇ. ಆದರೆ ದನಿ ಅವಳದು, ಮೊಮ್ಮಗಳೂ ಅವಳವಳೇ. ಸುಮ್ಮನೆ ಬಸ್ಸು ಹತ್ತಿ ಊರಿಗೆ ಬಂದೆ. ಯಜಮಾನರು ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು, ಮಾಲು ಕೈಯಲ್ಲಿದ್ದರೆ ಸಾಕು, ಮಾರಲೇಬೇಕೆಂದಿಲ್ಲ ಅಂದರು. ಅವರಿಂದ ಇಂಥ ಮಾತು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅಕ್ಕನ ಮನೆಯಲ್ಲಿ ಸುರಗಿ. ಅಂಗಳದ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಷಿಣ ಹಚ್ಚಿ ನೀರು ಹಾಕುವ ಶಾಸ್ತ್ರ. ಇದಕ್ಕೆ ಸೋಬಾನ ಬೇಕೇ ಬೇಕು. ಅರಿಷಿಣದ ಬಟ್ಟಲು ಹಿಡಿದು ಹೆಂಗಸರು ಕೂತರು. ನೀ ಹೇಳವ್ವ, ನೀ ಹೇಳವ್ವ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬಾಕೆ ಶುರು ಮಾಡಿ ಎರಡನೆಯ ನುಡಿಗೆ ದಾರಿ ತಪ್ಪಿ ನಕ್ಕಳು. ಇನ್ನೊಬ್ಬಾಕೆ ಹೊಸಮನೆಗೆ ಹೋಗುವಾಗಿನ ಹಾಡು ಎತ್ತಿಕೊಂಡಳು, ಅದು ಸುರಗಿಗೆ ಹೊಂದುವುದಿಲ್ಲ. ಇಷ್ಟು ವರ್ಷ ಎಲ್ಲರೂ ಹಿಂದೆ ಕೂತವರೇ. ಮುಂದಿನದು ಕಲಿಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹೊರಗೆ ಬಾಡಿಗೆಯ ಸ್ಪೀಕರಿನವನು, ಸಿನಿಮಾ ಹಾಡು ಹಾಕಲೇನ್ರಿ ಎಂದು ಕೇಳಿದ. ಮದುಮಗಳು ಅರಿಷಿಣದ ಮುಖ ಎತ್ತಿ ಅಜ್ಜಿಯನ್ನು ನೋಡಿದಳು.

ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಮೊಮ್ಮಗಳ ಮುಖ ನೋಡಿದಳು. ಹೆಂಗಸರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದು ಚಪ್ಪಾಳೆ ತಟ್ಟಿದಳು.

ನಾನು ಲ್ಯಾಪ್‌ಟಾಪ್ ತಂದಿದ್ದೆ. ವಿಶೇಷ ಉದ್ದೇಶವೇನೂ ಇರಲಿಲ್ಲ. ಚಾರ್ಜು ತುಂಬಿಸಿ, ಸ್ಪೀಕರಿಗೆ ಸೇರಿಸುವ ವೈರು ಇಟ್ಟುಕೊಂಡು, ಕಡತವನ್ನು ತೆರೆದೇ ಇಟ್ಟು ಸುಮ್ಮನೆ ತಂದಿದ್ದೆ.

ಅಂಗಳದ ತುಂಬ ಅಕ್ಕನ ದನಿ ಬಂತು. ಅರಿಷಿಣ ಹಚ್ಚುವ ಕೈಗಳೆಲ್ಲ ನಿಂತವು. ಮೊದಲ ನುಡಿ ಮುಗಿದು ಆ ಖಾಲಿ ಬಂತು. ಕೋಳಿ ಕೂಗಿತು. ಅಕ್ಕ ಕಂಬ ಬಿಟ್ಟು ಬಂದು, ಲಲಿತಾಳ ಕೈಯಿಂದ ಹಿತ್ತಾಳೆ ತಾಟನ್ನು ಕಸಿದುಕೊಂಡು, ಹೆಂಗಸರ ಎದುರಿಗೆ ನಿಂತಳು. ಎರಡನೆಯ ನುಡಿ ಮುಗಿಯುತ್ತಿದ್ದ ಹಾಗೆ ತಾಟಿಗೆ ಬೆರಳಿನಿಂದ ಒಂದು ಪೆಟ್ಟು ಹಾಕಿ, ಹುಬ್ಬೇರಿಸಿ ಅವರನ್ನೇ ನೋಡಿದಳು. ಹಿಂದಿನ ಸಾಲಿನ ಒಬ್ಬ ಮುದುಕಿ ಮೊದಲು ‘ಸೋ’ ಅಂದಳು. ಮೂರನೆಯ ನುಡಿಗೆ ಐದಾರು ಜನ. ನಾಲ್ಕನೆಯದಕ್ಕೆ ಇಡೀ ಅಂಗಳ. ಆ ಖಾಲಿಗಳು ಅವರ ಉಸಿರಿನ ಅಳತೆಗೇ ಇದ್ದವು. ದನಿ ನಿಂತಲ್ಲಿ ಹೆಂಗಸರು ಎತ್ತಿಕೊಂಡರು, ಹೆಂಗಸರು ನಿಂತಲ್ಲಿ ದನಿ ಎತ್ತಿಕೊಂಡಿತು. ಕೋಳಿ, ಕುರ್ಚಿ ಯಾವುದೂ ಮತ್ತೆ ಕೇಳಲಿಲ್ಲ. ಮದುಮಗಳ ಮೇಲೆ ನೀರು ಬಿತ್ತು. ಅಕ್ಕನ ತುಟಿಗಳು ಒಂದು ಅಕ್ಷರವೂ ತಪ್ಪದೆ ಆಡುತ್ತಿದ್ದವು.

ಹಾಡು ಮುಗಿಯಿತು. ನಿಲ್ಲಿಸಬೇಕಿತ್ತು, ನನಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳಿಗೆ ಗುಂಡಿ ಸಿಗಲಿಲ್ಲ. ಅವತ್ತು ಪಡಸಾಲೆಯಲ್ಲಿ ಅಕ್ಕ ಮುಚ್ಚಳ ಹಾಕಿದ್ದರಿಂದ ನಾವು ಯಾರೂ ಕೇಳಿರದ ಕೊನೆಯ ಭಾಗ ಹಾಗೇ ಮುಂದುವರಿಯಿತು. ಸಂಶೋಧಕರು ಕೆಮ್ಮಿ, ಬಹಳ ಚೆನ್ನಾಗಿತ್ತಮ್ಮ ಅಂದರು. ಅದಾದ ಮೇಲೆ ಸ್ಪೀಕರಿನಿಂದ ಅಕ್ಕ ಮಾತಾಡಿದಳು. ಹಾಡಲ್ಲ, ದಿನಾ ಆಡುತ್ತಿದ್ದಳಲ್ಲ, ಆ ಮಾತು.

“ಗಂಟಲು ಒಣಗ್ತು ನೋಡ್ರಿ. ಚಾ ಮಾಡ್ತೀನಿ, ಕುಡೀತೀರಿಲ್ಲೋ?”

ಅಷ್ಟು ಹೊತ್ತು ಆ ದನಿಗೆ ಉತ್ತರ ಕೊಟ್ಟು ರೂಢಿಯಾಗಿದ್ದ ಹೆಂಗಸರು ಇದಕ್ಕೂ ಕೊಟ್ಟರು. ಹೂಂ, ಕುಡೀತೀವಿ ಅಂದಿತು ಇಡೀ ಅಂಗಳ.

ಯಾರೂ ನಗಲಿಲ್ಲ. ಅಕ್ಕ ತಾಟನ್ನು ಲಲಿತಾಳ ಕೈಗೆ ಕೊಟ್ಟು, ಕುತ್ತಿಗೆಯ ಸೆರಗು ಸರಿಮಾಡಿಕೊಂಡು, ಚಹಾಕ್ಕೆ ನೀರಿಡಲು ಒಳಗೆ ಹೋದಳು.